ಬಂದರಿನ ಶಂಖದಹುಳದಲ್ಲಿ ಹಾರ್ಮೋನಿನ ಏರುಪೇರು ನೋಡುವ ಬಗೆ

ಕೊನೆಯ ವರ್ಷದ ಬಿಎಸ್ಸಿ ಪ್ರಾಜೆಕ್ಟಿಗೆ 'ಮಾಲಿನ್ಯ ಮತ್ತು ಅಲಿಗೇಟರ್ ಹಾರ್ಮೋನು' ಎಂಬ ವಿಷಯ ಹಿಡಿದುಕೊಂಡು ಪ್ರತಿ ವರ್ಷ ಯಾರಾದರೊಬ್ಬರು ನನ್ನ ಮೇಜಿನೆದುರು ಬಂದು ನಿಲ್ಲುತ್ತಾರೆ. ವಿಷಯ ಒಳ್ಳೆಯದೇ. ಆದರೆ ಉಡುಪಿಯಲ್ಲಿ ಕೂತು ಫ್ಲೋರಿಡಾದ ಮೊಸಳೆಯ ಬಗ್ಗೆ ಪುಟಗಟ್ಟಲೆ ನಕಲು ಹೊಡೆದು ಬೈಂಡ್ ಮಾಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದೇ ಪ್ರಶ್ನೆಯನ್ನು ಮಲ್ಪೆ ಬಂದರಿನ ಕಲ್ಲಿಗೆ ಅಂಟಿಕೊಂಡಿರುವ ಶಂಖದಹುಳಕ್ಕೆ ಕೇಳಬಹುದು. ಉತ್ತರ ಕಣ್ಣಿಗೇ ಕಾಣುತ್ತದೆ, ದುಬಾರಿ ಯಂತ್ರ ಬೇಡ.

ಮೊದಲು ಅಲಿಗೇಟರ್ ಕಥೆಯನ್ನು ಸರಿಯಾಗಿ ಓದಿ. ವಿಧಾನ ಕಲಿಯುವುದು ಅಲ್ಲಿಂದಲೇ. ಒರ್ಲಾಂಡೊ ಹತ್ತಿರದ ಅಪೋಪ್ಕಾ ಕೆರೆಗೆ ಸುತ್ತಲಿನ ಹೊಲಗಳ ಕೀಟನಾಶಕ ಮೊದಲಿಂದಲೂ ಹರಿದು ಬರುತ್ತಿತ್ತು. 1980ರಲ್ಲಿ ಪಕ್ಕದ ಟವರ್ ಕೆಮಿಕಲ್ ಕಂಪನಿಯಿಂದ ಡೈಕೋಫಾಲ್ ಎಂಬ ಕೀಟನಾಶಕ ಕೂಡ ಸೋರಿತು, ಅದರೊಳಗೆ ಡಿಡಿಟಿಯೂ ಇತ್ತು. ಆಮೇಲಿನ ವರ್ಷಗಳಲ್ಲಿ ಎಳೆಯ ಅಲಿಗೇಟರ್‌ಗಳ ಸಂಖ್ಯೆ ಧೊಪ್ಪನೆ ಬಿತ್ತು, ಇಟ್ಟ ಮೊಟ್ಟೆಗಳು ಮರಿಯಾಗುತ್ತಿರಲಿಲ್ಲ. ಲೂಯಿ ಗಿಲೆಟ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ್ದು ಇದು: ಆರು ತಿಂಗಳ ಹೆಣ್ಣುಮರಿಗಳ ರಕ್ತದಲ್ಲಿ ಈಸ್ಟ್ರಡಯೋಲ್ ಎಂಬ ಹೆಣ್ಣು ಹಾರ್ಮೋನು ಹೆಚ್ಚುಕಡಿಮೆ ಎರಡು ಪಟ್ಟು; ಅಂಡಾಶಯದಲ್ಲಿ ಒಂದೇ ಫಾಲಿಕಲ್ (ಅಂಡಾಣು ಬೆಳೆಯುವ ಚೀಲ) ಒಳಗೆ ಹಲವು ಅಂಡಾಣು; ಗಂಡುಮರಿಗಳ ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನು, ಹೆಣ್ಣುಮರಿಗಳಲ್ಲಿ ಇರುವಷ್ಟೇ. 1996ರ ವರದಿಯಲ್ಲಿ ಎಳೆಯ ಗಂಡುಗಳ ಶಿಶ್ನ ಸರಾಸರಿ 24% ಚಿಕ್ಕದು, ಟೆಸ್ಟೋಸ್ಟೆರಾನ್ 70% ಕಡಿಮೆ. ಡಿಡಿಟಿ ಒಡೆದು ಉಳಿಯುವ ಡಿಡಿಇ, ಗಂಡು ಹಾರ್ಮೋನು ಕೂರಬೇಕಾದ ಜೀವಕೋಶದ ಗ್ರಾಹಕವನ್ನು (ರಿಸೆಪ್ಟರ್) ತಾನೇ ಆಕ್ರಮಿಸಿಕೊಳ್ಳುತ್ತದೆ ಎಂಬುದು 1995ರಲ್ಲೇ ಪ್ರಯೋಗಾಲಯದಲ್ಲಿ ತಿಳಿದಿತ್ತು.

ಇಲ್ಲಿ ಅಡಿಗೆರೆ ಹಾಕಬೇಕಾದ್ದು ಅಪೋಪ್ಕಾದ ಅಂಕಿಗಳಿಗಲ್ಲ, ವುಡ್ರಫ್ ಎಂಬ ಹೆಸರಿಗೆ. ಅದು ವನ್ಯಜೀವಿ ಆಶ್ರಯತಾಣದೊಳಗಿನ ಇನ್ನೊಂದು ಕೆರೆ. 'ಎರಡು ಪಟ್ಟು', '70% ಕಡಿಮೆ' ಎಂದೆಲ್ಲ ಹೇಳಲು ಸಾಧ್ಯವಾದದ್ದು ಅದೇ ವಯಸ್ಸಿನ, ಅದೇ ಜಾತಿಯ ಮರಿಗಳನ್ನು ಅಲ್ಲಿಂದಲೂ ತಂದು ನೋಡಿದ್ದರಿಂದ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಪ್ರಸ್ತಾವಗಳಲ್ಲಿ ಹಾಳಾದ ಜಾಗ ಮಾತ್ರ ಇರುತ್ತದೆ, ಹೋಲಿಸುವ ಜಾಗ ಇರುವುದಿಲ್ಲ. ಅಂಥವನ್ನು ನಾನು ಅಲ್ಲೇ ಹಿಂದೆ ಕೊಡುತ್ತೇನೆ.

ಇನ್ನು ನಮ್ಮ ಹುಳ. ಬೋಟಿನ ಅಡಿಗೆ ಪಾಚಿ, ಬಾರ್ನಕಲ್ (ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿ) ಹಿಡಿಯದಂತೆ ಬಳಿಯುವ ಪೇಂಟಿನಲ್ಲಿ ಹಿಂದೆ ಟ್ರೈಬ್ಯೂಟೈಲ್ ಟಿನ್ (ಚಿಕ್ಕದಾಗಿ ಟಿಬಿಟಿ) ಎಂಬ ತವರದ ಸಂಯುಕ್ತ ಹಾಕುತ್ತಿದ್ದರು. ಒಂದು ಲೀಟರ್ ನೀರಿನಲ್ಲಿ ಒಂದು ನ್ಯಾನೋಗ್ರಾಂ ಇದ್ದರೂ ಸಾಕು, ಕೆಲವು ಜಾತಿಯ ಹೆಣ್ಣುಹುಳಗಳಿಗೆ ಗಂಡಿನ ಶಿಶ್ನ ಬೆಳೆಯುತ್ತದೆ. ಇದಕ್ಕೆ ಇಂಪೋಸೆಕ್ಸ್ ಎನ್ನುತ್ತಾರೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1970ರ ಹೊತ್ತಿಗೆ ಮೊದಲು ಕಂಡದ್ದು. ನಮ್ಮ ಪಕ್ಕದ ಗೋವಾದಿಂದ 1999ರಲ್ಲಿ ವರದಿಯಾಗಿದೆ. ಹಡಗಿನ ಪೇಂಟಿನಲ್ಲಿ ಇದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಯಿತು, 2008ರಲ್ಲಿ ಜಾರಿಗೆ ಬಂತು. ಆದರೆ ಬಂದರಿನ ತಳದ ಕಪ್ಪು ಕೆಸರಿನಲ್ಲಿ ಟಿಬಿಟಿ ವರ್ಷಗಟ್ಟಲೆ ಉಳಿಯುತ್ತದೆ. ಹೂಳೆತ್ತಿದಾಗ ಮತ್ತೆ ಮೇಲೆ ಬರುತ್ತದೆ.

ಜಾಗ ಎರಡು ಬೇಕು. ಮಲ್ಪೆಯ ಅಲೆತಡೆ ಕಲ್ಲು ಒಂದು, ಕಾಪು ದೀಪಸ್ತಂಭದ ಬಂಡೆ ಇನ್ನೊಂದು. ಮಂಗಳೂರಿನವರಾದರೆ ಹಳೆ ಬಂದರಿನ ದಕ್ಕೆಯ ಆಸುಪಾಸು ಮತ್ತು ಸೋಮೇಶ್ವರದ ಬಂಡೆ. ಸೇಂಟ್ ಮೇರಿಸ್ ದ್ವೀಪದಿಂದ ಏನನ್ನೂ ತರಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೆಲವು ಶಂಖಗಳು ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿವೆ. ಪಟ್ಟಿ ನೋಡಿ, ಕಾಲೇಜಿನ ಪತ್ರ ಹಿಡಿದು ಹೊರಡಿ.

ಹೋಗುವುದು ಡಿಸೆಂಬರಿನಿಂದ ಮಾರ್ಚ್ ಒಳಗೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಇಳಿತದಲ್ಲಿ. ಮಳೆಗಾಲದಲ್ಲಿ ಬಂಡೆ ಹತ್ತುವ ಸಾಹಸ ಬೇಡವೇ ಬೇಡ ಮಾರಾಯ್ರೆ. ಮಳೆಗಾಲಕ್ಕೆ ಬೇರೆ ಕೆಲಸ ಇದೆ: ಜೂನ್, ಜುಲೈ ತಿಂಗಳ ಮೀನುಗಾರಿಕೆ ರಜೆಯಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಪೇಂಟ್ ಹೊಡೆಯುತ್ತಾರೆ. ಆಗ ಹೋಗಿ ಡಬ್ಬಿಯ ಮೇಲಿನ ಲೇಬಲ್ ಬರೆದುಕೊಳ್ಳಿ. ಬೋಟಿನವರ ಹತ್ತಿರ ತಪಾಸಣೆಗೆ ಬಂದವರ ಧಾಟಿಯಲ್ಲಿ ಮಾತಾಡಬೇಡಿ, "ಅಣ್ಣ, ಇದು ಎಷ್ಟು ತಿಂಗಳು ತಡೆಯುತ್ತದೆ?" ಎಂದು ಕೇಳಿದರೆ ಪೇಂಟಿನ ಇಡೀ ಜಾತಕ ಸಿಗುತ್ತದೆ.

ಬೇಕಾದದ್ದು ಮ್ಯೂರಿಸಿಡ್ ಕುಟುಂಬದ ಹುಳ. ಬೂದು ಬಣ್ಣ, ಗಂಟುಗಂಟು ಚಿಪ್ಪು, ಬಾರ್ನಕಲ್ ಮತ್ತು ಕಲ್ಲುಸಿಂಪಿಗಳ ನಡುವೆ ಕೂತು ಅವನ್ನೇ ಕೊರೆದು ತಿನ್ನುತ್ತದೆ. ಎರಡೂ ಕಡೆ ಒಂದೇ ಜಾತಿ ಸಿಗಬೇಕು, ಅದು ಮುಖ್ಯ. ಒಂದೊಂದು ಕಡೆಯಿಂದ ಮೂವತ್ತು ಬೆಳೆದ ಹುಳ ಸಾಕು, ಬಕೆಟ್ ತುಂಬಬೇಡಿ. ಚೀಲಕ್ಕೆ ಊರಿನ ಹೆಸರಿನ ಬದಲು ಸಂಕೇತ ಬರೆದು, ಕೀಲಿಯನ್ನು ಬೇರೆಯವರ ಕೈಯಲ್ಲಿಡಿ. ಕತ್ತರಿಸುವವರಿಗೆ ಯಾವುದು ಮಲ್ಪೆ, ಯಾವುದು ಕಾಪು ಎಂದು ಗೊತ್ತಿರಬಾರದು. ಗೊತ್ತಿದ್ದರೆ ಮಲ್ಪೆಯ ಹುಳದಲ್ಲಿ ಇಲ್ಲದ್ದೂ ಕಾಣುತ್ತದೆ.

ಲ್ಯಾಬಿನಲ್ಲಿ ಶೇಕಡಾ 7ರ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿಡಿ. ಮುಟ್ಟಿದರೂ ಒಳಗೆ ಎಳೆದುಕೊಳ್ಳದಷ್ಟು ಮೈ ಸಡಿಲವಾಗುವ ತನಕ ಕಾಯಿರಿ. ಇದು ಹುಳಕ್ಕೂ ಒಳ್ಳೆಯದು, ಅಳತೆಗೂ ಒಳ್ಳೆಯದು. ಮುದುಡಿದ ಅಂಗವನ್ನು ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಚಿಪ್ಪಿನ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆದು, ಬೆಂಚ್ ವೈಸ್‌ನಲ್ಲಿಟ್ಟು ನಿಧಾನಕ್ಕೆ ತಿರುಗಿಸಿ. ಚಟ್ ಎಂದ ಕೂಡಲೇ ನಿಲ್ಲಿಸಬೇಕು, ಇನ್ನರ್ಧ ಸುತ್ತು ತಿರುಗಿಸಿದರೆ ಒಳಗಿನದ್ದು ಚಟ್ನಿ. ಮೈಯ ಮೇಲಿನ ತೆಳು ಹೊದಿಕೆ (ಮ್ಯಾಂಟಲ್) ಸೀಳುವಾಗ ಹಳದಿ ರಸ ಕೈಗೆ ತಾಗುತ್ತದೆ. ಅದನ್ನು ಫಿಲ್ಟರ್ ಕಾಗದಕ್ಕೆ ಒರೆಸಿ ಬಿಸಿಲಿಗೆ ಹಿಡಿಯಿರಿ: ಮೊದಲು ಹಸಿರು, ಆಮೇಲೆ ನೇರಳೆ. ಮ್ಯೂರಿಸಿಡ್ ಹೌದೇ ಎಂಬ ಅನುಮಾನ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಕೈಗವಸು ಹಾಕದಿದ್ದರೆ ಆ ನಾತ ಸೋಪಿಗೂ ಜಗ್ಗುವುದಿಲ್ಲ, ಊಟಕ್ಕೆ ಕೂತಾಗ ನೆನಪಾಗುತ್ತದೆ.

ಈಗ ಅಸಲು ಕೆಲಸ. ಶಿಶ್ನ ಇರುವುದು ತಲೆಯ ಬಲಗಡೆಯ ಸ್ಪರ್ಶಾಂಗದ ಹಿಂದೆ. ಅದು ಕಂಡ ಕೂಡಲೇ 'ಗಂಡು' ಎಂದು ಬರೆದರೆ ಪ್ರಾಜೆಕ್ಟ್ ಅಲ್ಲಿಗೇ ಮುಗಿಯಿತು, ಏಕೆಂದರೆ ನೀವು ಹುಡುಕುತ್ತಿರುವುದೇ ಶಿಶ್ನ ಇರುವ ಹೆಣ್ಣನ್ನು. ಲಿಂಗ ಗುರುತಿಸಬೇಕಾದ್ದು ಕ್ಯಾಪ್ಸೂಲ್ ಗ್ರಂಥಿಯಿಂದ. ಮೊಟ್ಟೆಯ ಕೋಶ ಕಟ್ಟುವ, ಕೆನೆಬಣ್ಣದ ದಪ್ಪ ಗ್ರಂಥಿ ಅದು, ಹೆಣ್ಣಿನಲ್ಲಿ ಮಾತ್ರ ಇರುತ್ತದೆ. ಅದರ ಹಿಂದೆಯೇ ಕಂದು ಬಣ್ಣದ ಇನ್ನೊಂದು ಗ್ರಂಥಿ ಎದ್ದು ಕಾಣುತ್ತದೆ. ಎರಡನ್ನೂ ನೋಡಿ ಲಿಂಗ ಬರೆದ ಮೇಲೆಯೇ ತಲೆಯ ಕಡೆಗೆ ಬನ್ನಿ. ಶಿಶ್ನ ಇದ್ದರೆ ಮೈಕ್ರೋಸ್ಕೋಪಿನ ಕೆಳಗೆ ಗ್ರಾಫ್ ಕಾಗದ ಇಟ್ಟು ಮಿಲಿಮೀಟರಿನಲ್ಲಿ ಉದ್ದ ಅಳೆಯಿರಿ. ವೀರ್ಯನಾಳ ಬೆಳೆದು ಮೊಟ್ಟೆ ಹೊರಬರುವ ದ್ವಾರವನ್ನು ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ಆ ಹೆಣ್ಣು ಬಂಜೆ; ಇಡಲಾಗದ ಮೊಟ್ಟೆಕೋಶಗಳು ಒಳಗೇ ಸಿಕ್ಕಿಕೊಂಡು ಕಪ್ಪಾಗಿರುತ್ತವೆ. ಪರೋಪಜೀವಿ ಹುಳ ತುಂಬಿದವನ್ನು ಲೆಕ್ಕದಿಂದ ಬಿಡಿ, ಅವುಗಳ ಜನನಾಂಗ ಬೇರೆ ಕಾರಣಕ್ಕೇ ಕುಗ್ಗಿರುತ್ತದೆ.

ಲೆಕ್ಕ ಸುಲಭ. ನೂರು ಹೆಣ್ಣಿನಲ್ಲಿ ಎಷ್ಟಕ್ಕೆ ಶಿಶ್ನ ಇದೆ ಎಂಬುದು ಒಂದು. ಹೆಣ್ಣುಗಳ ಸರಾಸರಿ ಶಿಶ್ನದ ಉದ್ದದ ಘನವನ್ನು ಗಂಡುಗಳ ಸರಾಸರಿ ಉದ್ದದ ಘನದಿಂದ ಭಾಗಿಸಿ ನೂರರಿಂದ ಗುಣಿಸುವುದು ಇನ್ನೊಂದು. ಸರಾಸರಿ ತೆಗೆಯುವಾಗ ಶಿಶ್ನ ಇಲ್ಲದ ಹೆಣ್ಣುಗಳನ್ನೂ ಸೊನ್ನೆ ಎಂದು ಸೇರಿಸಿ.

ಬರೆಯುವಾಗ ಕೈ ಬಿಗಿ ಹಿಡಿಯಿರಿ. ಮಲ್ಪೆಯಲ್ಲಿ ಹೆಚ್ಚು, ಕಾಪುವಿನಲ್ಲಿ ಕಡಿಮೆ ಎಂದು ಬಂದರೆ ಅಷ್ಟೇ ಬರೆಯಿರಿ. ಟಿಬಿಟಿಯೇ ಕಾರಣ ಎನ್ನಲು ಕೆಸರು ಮತ್ತು ಹುಳದ ಮಾಂಸವನ್ನು ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರ ಇರುವ ಲ್ಯಾಬಿಗೆ ಕಳಿಸಬೇಕು. ಟ್ರೈಫಿನೈಲ್ ಟಿನ್ ಎಂಬ ಇನ್ನೊಂದು ತವರದ ಸಂಯುಕ್ತ ಕೂಡ ಇದೇ ಕೆಲಸ ಮಾಡಬಲ್ಲದು. ವೈವಾದಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಶ್ನೆ ಖಂಡಿತ ಬರುತ್ತದೆ, ಅದನ್ನು ಸಿಂಪಡಿಸಿದ ಕೊಕ್ಕಡದ ಗೇರುತೋಟದ ನೆನಪು ಈ ಜಿಲ್ಲೆಗಳಲ್ಲಿ ಇನ್ನೂ ಹಸಿ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು ಎಂಬುದು ಗೊತ್ತಿರಲಿ, ಆದರೆ ನಿಮ್ಮ ಹುಳದ ಅಂಕಿಯನ್ನು ಅದಕ್ಕೆ ಗಂಟು ಹಾಕಬೇಡಿ. ಇನ್ನೊಂದು ಪ್ರಶ್ನೆ: ಮಾಲಿನ್ಯದಿಂದ ಅಲಿಗೇಟರ್ ಗಂಡುಗಳೆಲ್ಲ ಹೆಣ್ಣಾದವೇ? ಇಲ್ಲ. ಅವುಗಳ ಲಿಂಗ ತೀರ್ಮಾನಿಸುವುದು ಗೂಡಿನ ಶಾಖ: 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೆಣ್ಣು, 33ರ ಹತ್ತಿರ ಗಂಡು. ಅಪೋಪ್ಕಾದಲ್ಲಿ ಗಂಡುಗಳು ಗಂಡಾಗಿಯೇ ಇದ್ದವು, ಅವುಗಳ ಹಾರ್ಮೋನು ಮತ್ತು ಅಂಗ ಮಾತ್ರ ಕೆಟ್ಟಿದ್ದವು.

ಒಡೆದ ಚಿಪ್ಪುಗಳನ್ನು ಎಸೆಯಬೇಡಿ. ಸಂಕೇತದ ಚೀಟಿ ಸಮೇತ ಒಣಗಿಸಿ ಡಬ್ಬಿಯಲ್ಲಿಡಿ. ಜಾತಿಯ ಹೆಸರು ಸರಿಯೇ ಎಂದು ಪರೀಕ್ಷಕರು ಕೇಳಿದಾಗ ಮುಂದಿಡಲು ಅವು ಬೇಕು.