ಹಳೆಯ ಸಾಹಿತ್ಯ ಪತ್ರಿಕೆಗಳನ್ನು ಕೂಡಿಡುವುದು ಹೇಗೆ?

ಹಳೆಯ ಪತ್ರಿಕೆಗಳಲ್ಲಿ ಬಂದ ಒಳ್ಳೆಯ ಕಥೆ, ಕವಿತೆಗಳೆಲ್ಲ ಆಮೇಲೆ ಪುಸ್ತಕವಾಗಿರುತ್ತವೆ. ಆದರೆ ಅದೇ ಸಂಚಿಕೆಯ ವಿಮರ್ಶೆ, ಅದನ್ನು ಓದಿ ಸಿಟ್ಟಾದ ಯಾರೋ ಬರೆದ ಪತ್ರ, ಅದಕ್ಕೆ ಸಂಪಾದಕರ ಉತ್ತರ, ಮುಖಪುಟದ ಚಿತ್ರ, ಪ್ರಕಾಶಕರ ಜಾಹೀರಾತು, ಇವು ಪುಸ್ತಕಕ್ಕೆ ಬರುವುದು ತೀರಾ ಕಡಿಮೆ. ಕೂಡಿಡಬೇಕಾದ್ದು ಇವಕ್ಕಾಗಿಯೇ. ಕತ್ತರಿಸಿಟ್ಟ ಹಾಳೆ ಸಾಲದು, ಇಡೀ ಸಂಚಿಕೆ ಬೇಕು.

ಮೊದಲು ಒಂದೇ ಒಂದು ಪತ್ರಿಕೆ ಆರಿಸಿಕೊಳ್ಳಿ. ಸಿಕ್ಕಿದ್ದೆಲ್ಲ ತಂದರೆ ಮನೆ ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, 1964ರಲ್ಲಿ ಧಾರವಾಡದಲ್ಲಿ ಶುರುವಾದ ‘ಸಂಕ್ರಮಣ’, ಅನಂತಮೂರ್ತಿಯವರು 1981ರಲ್ಲಿ ಆರಂಭಿಸಿದ ‘ರುಜುವಾತು’ ಇಂಥವನ್ನು ಹುಡುಕಲು ತಾಳ್ಮೆ ಬೇಕು. ಹೊಸಬರಿಗೆ ನಾನು ಹೇಳುವುದು ‘ಕಸ್ತೂರಿ’. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ಇದು ಮನೆಮನೆಗೂ ಬರುತ್ತಿತ್ತು, ಈಗಲೂ ಅಟ್ಟದ ಮೇಲೆ ಸಿಗುತ್ತದೆ. ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ ಸಂಚಿಕೆ ಸಿಕ್ಕರೆ ಬಿಡಲೇಬೇಡಿ.

ಚಿಕ್ಕಮಗಳೂರು ಕಡೆಯವರಿಗೆ ಹುಡುಕಲು ಒಳ್ಳೆಯ ಕಾಲ ಅಂದರೆ ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ತಿಂಗಳುಗಳು. ಮದುವೆ, ಗೃಹಪ್ರವೇಶ ಅಂತ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟ ಖಾಲಿಯಾಗುತ್ತದೆ. ತೋಟದ ಮನೆಗಳು, ನಿವೃತ್ತ ಮೇಷ್ಟ್ರ ಮನೆಗಳಲ್ಲಿ ಮುಂಚೆಯೇ ಹೇಳಿಡಿ. ಗುಜರಿ ಅಂಗಡಿಯವರಿಗೂ ಹೇಳಿ, ಅವರು ತೂಕಕ್ಕೆ ಕೊಳ್ಳುವುದಕ್ಕಿಂತ ಜಾಸ್ತಿ ಕೊಡ್ತೀನಿ ಅಂದರೆ ಕಟ್ಟು ಬಿಚ್ಚದೆ ತೆಗೆದಿಡುತ್ತಾರೆ.

ಕೊಳ್ಳುವ ಮುಂಚೆ ಅಲ್ಲೇ ಕೂತು ಪುಟ ತಿರುವಿ. ಸಂಪುಟ, ಸಂಚಿಕೆ, ತಿಂಗಳು ನೋಡಿಕೊಳ್ಳಿ. ನಡುವಿನ ಹಾಳೆ ಪಿನ್ನಿನಿಂದ ಕಳಚಿರಬಹುದು, ಕೂಪನ್ ಕತ್ತರಿಸಿರಬಹುದು. ‘ಕಸ್ತೂರಿ’ಯಲ್ಲಾದರೆ ಕೊನೆಯ ಪುಟಗಳನ್ನು ಮರೆಯದೆ ನೋಡಿ, ಒಂದು ಪುಸ್ತಕವನ್ನು ಸಂಗ್ರಹಿಸಿ ಕೊಡುವ ಪುಸ್ತಕ ವಿಭಾಗ ಬರುವುದೇ ಅಲ್ಲಿ, ಮೊದಲು ಉದುರುವ ಹಾಳೆಗಳೂ ಅವೇ. ರಟ್ಟು ಕಟ್ಟಿಸಿದ ವರ್ಷದ ಸಂಪುಟ ನೋಡಲು ಚೆನ್ನಾಗಿರುತ್ತದೆ, ನಿಜ, ಆದರೆ ಬೈಂಡಿಂಗ್ ಮಾಡುವಾಗ ಎಷ್ಟೋ ಕಡೆ ಮುಖಪುಟ, ಜಾಹೀರಾತು ಪುಟಗಳನ್ನು ಕಿತ್ತು ಹಾಕಿರುತ್ತಾರೆ. ನನ್ನ ಮಾತು ಕೇಳುವುದಾದರೆ ಕಿವಿ ಮಡಿಚಿದ ಬಿಡಿ ಸಂಚಿಕೆಯೇ ವಾಸಿ.

ಇನ್ನು ಕಾಪಾಡುವ ವಿಷಯ. ಮಲೆನಾಡಲ್ಲಿ ಕಷ್ಟ ಇರುವುದೇ ಇಲ್ಲಿ. ತಂದ ಕಟ್ಟನ್ನು ನೇರ ಬೀರುವಿಗೆ ಇಡಬೇಡಿ, ಅದರೊಳಗಿನ ಹುಳ ಉಳಿದ ಸಂಚಿಕೆಗಳಿಗೂ ಹರಡುತ್ತದೆ. ಕೆಲವು ದಿನ ಬೇರೆ ಇಟ್ಟು, ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಮೆತ್ತನೆ ಬ್ರಷ್ಷಿನಿಂದ ದೂಳು, ಬೂಷ್ಟು ತೆಗೆಯಿರಿ. ಬೂಷ್ಟಿದ್ದರೆ ಮನೆ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಮಾಡಬೇಕು. ಬಿಸಿಲಿಗೆ ಹರಡಬೇಡಿ. ಅಗ್ಗದ ಕಾಗದದಲ್ಲಿ ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಬೆಳಕು ಬಿದ್ದಷ್ಟೂ ಹಳದಿಯಾಗಿ ಪುಡಿಪುಡಿಯಾಗುತ್ತದೆ. ತುಕ್ಕು ಹಿಡಿದ ಪಿನ್ನನ್ನು ಎಳೆಯಬೇಡಿ, ಹಿಂಬದಿಯ ಎರಡು ಕಾಲು ನೆಟ್ಟಗೆ ಮಾಡಿ ಮೆಲ್ಲಗೆ ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಕಟ್ಟಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಬೀರುವನ್ನು ಮಳೆ ಬಡಿಯುವ ಗೋಡೆಗೆ ಒರಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಗೆದ್ದಲಿನ ಭಯ ಇರುವುದರಿಂದ ಕೆಳಗಿನ ಅರೆ ಖಾಲಿ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದು ತೇವ ಹೀರಿಕೊಂಡಂತೆ ಬದಲಿಸುತ್ತಿರಿ. ಹೊಳವಾದ ದಿನ ಬಾಗಿಲು ತೆಗೆದು ಗಾಳಿಯಾಡಲು ಬಿಡಿ.

ಕೊನೆಗೆ ಒಂದು ಪಟ್ಟಿ ಮಾಡಿ. ವರ್ಷ, ತಿಂಗಳು, ಯಾವ ಪುಟ ಇಲ್ಲ, ಯಾರ ಮನೆಯಿಂದ ಬಂತು, ಎಲ್ಲವನ್ನೂ ಬರೆದಿಡಿ. ಪರಿವಿಡಿಯ ಫೋಟೊ ಹೊಡೆದಿಟ್ಟರೆ ಒಂದು ಲೇಖನಕ್ಕಾಗಿ ಇಡೀ ಕಟ್ಟು ಬಿಚ್ಚುವುದು ತಪ್ಪುತ್ತದೆ. ಇಲ್ಲದ ಸಂಚಿಕೆಗಳ ಪಟ್ಟಿ ಸದಾ ಫೋನಿನಲ್ಲಿರಲಿ. ಒಂದೇ ಸಂಚಿಕೆ ಎರಡು ಸಿಕ್ಕಿದ್ದರೆ ಚೆನ್ನಾಗಿರುವುದನ್ನು ಇಟ್ಟುಕೊಂಡು, ಇನ್ನೊಂದನ್ನು ಹಾಸನದಲ್ಲೋ ಮೈಸೂರಲ್ಲೋ ಇರುವ ಇನ್ನೊಬ್ಬ ಸಂಗ್ರಹಕಾರರಿಗೆ ಕೊಟ್ಟು ನಿಮ್ಮಲ್ಲಿ ಇಲ್ಲದ್ದನ್ನು ಕೇಳಿ ತರಬಹುದು.