ಹನ್ನೊಂದು ಮಕ್ಕಳ ಕ್ಲಾಸಿಗೆ ಮಗಳನ್ನು ಸೇರಿಸಿದೆ

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ವರ್ಷ ನಮ್ಮ ಮುಂದೆ ಇದ್ದದ್ದು ಎರಡೇ ಶಾಲೆ. ಒಂದಕ್ಕೆ ಐವತ್ತು ವರ್ಷ ದಾಟಿತ್ತು. ಇನ್ನೊಂದು ಇನ್ನೂ ಬಾಗಿಲೇ ತೆರೆದಿರಲಿಲ್ಲ, ಗೋಡೆಯ ಬಣ್ಣದ ವಾಸನೆ ಹೋಗಿರಲಿಲ್ಲ. ಹಳೆಯದಕ್ಕೆ ಬಸ್ಸಿನಲ್ಲಿ ನಲವತ್ತು ನಿಮಿಷ. ಹೊಸದಕ್ಕೆ ನಡೆದರೆ ಹದಿನೈದು ನಿಮಿಷ. ಮೊದಲ ವರ್ಷ ಒಂದನೇ ಕ್ಲಾಸು ಮಾತ್ರ, ಆಮೇಲೆ ವರ್ಷಕ್ಕೊಂದು ಕ್ಲಾಸು ಸೇರಿಸುತ್ತಾ ಹೋಗುತ್ತೇವೆ ಅಂದಿದ್ದರು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಕಣ್ಣು ಮುಚ್ಚಿಕೊಂಡು ಹಳೇದಕ್ಕೆ ಸೇರಿಸಿ.’ ಯಾಕೆ ಅಂತ ಕೆದಕಿದೆ. ಹಾಗಂದವರ ಮಕ್ಕಳು ಅಲ್ಲಿ ಓದಿ ಹತ್ತು ಹನ್ನೆರಡು ವರ್ಷ ಆಗಿತ್ತು. ಅವರು ಬಾಯ್ತುಂಬ ಹೊಗಳಿದ ಹೆಡ್ ಮೇಡಂ ನಿವೃತ್ತಿಯಾಗಿ ಮೂರು ವರ್ಷ. ಹೆಸರು ಹಿಡಿದು ಹೇಳಿದ ಐದು ಜನ ಟೀಚರುಗಳಲ್ಲಿ ಈಗ ಉಳಿದಿದ್ದದ್ದು ಒಬ್ಬರೇ. ಒಳ್ಳೆ ಹೆಸರು ಬರೋದೂ ನಿಧಾನ, ಹೋಗೋದೂ ನಿಧಾನ. ನಾನು ಕೇಳುತ್ತಿದ್ದದ್ದು ಹಳೇ ಸುದ್ದಿ ಅಂತ ಆಗ ಅನ್ನಿಸಿತು.

ಮೊದಲ ಸುತ್ತಿನಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ಪೋಷಕರಿಗೆ ಅಂತಲೇ ಇಟ್ಟ ದಿನ ಹೋಗಿ, ಕಂಪ್ಯೂಟರ್ ಎಷ್ಟಿವೆ, ರಿಸಲ್ಟ್ ಎಷ್ಟು ಬರುತ್ತೆ ಅಂತ ಕೇಳಿ ಬಂದೆ. ರಿಸಲ್ಟಿನ ಲೆಕ್ಕ ಆಮೇಲೆ ಮನೆಯಲ್ಲಿ ಕೂತು ಮಾಡಿದೆ. ಎಂಬತ್ತು ಮಕ್ಕಳಲ್ಲಿ ಒಬ್ಬ ಫೇಲಾದರೆ ಶೇಕಡಾ ಒಂದೂಕಾಲು ಇಳಿಯುತ್ತೆ. ಹನ್ನೊಂದು ಮಕ್ಕಳಲ್ಲಿ ಒಬ್ಬ ಫೇಲಾದರೆ ಶೇಕಡಾ ಒಂಬತ್ತು! ಅಂದರೆ ಚಿಕ್ಕ ಶಾಲೆಯ ರಿಸಲ್ಟ್ ಒಂದು ವರ್ಷ ಆಕಾಶಕ್ಕೆ, ಇನ್ನೊಂದು ವರ್ಷ ಪಾತಾಳಕ್ಕೆ ಹೋಗೋದು ಸಹಜ. ಅದನ್ನು ನೋಡಿ ಏನೂ ಹೇಳೋಕಾಗಲ್ಲ. ಹಳೇ ಶಾಲೆಯ ರಿಸಲ್ಟಿನಲ್ಲೂ ಮನೆಯವರು ಕೂರಿಸಿಕೊಂಡು ಓದಿಸಿದ್ದೆಷ್ಟು, ಟೀಚರ್ ಕಲಿಸಿದ್ದೆಷ್ಟು ಅಂತ ಬಿಡಿಸಿ ಹೇಳೋರು ಯಾರು?

ಎರಡನೇ ಸಲ ಯಾರಿಗೂ ಹೇಳದೆ ಒಂದು ಮಂಗಳವಾರ ಹೋದೆ. ಹಳೇ ಶಾಲೆಯ ಗೇಟಿನ ಹೊರಗೆ, ಶಾಲೆ ಬಿಡುವ ಹೊತ್ತಿಗೆ ನಿಂತೆ. ಮಕ್ಕಳು ಗಲಾಟೆ ಮಾಡಿಕೊಂಡು, ನಗುತ್ತಾ ಬಂದವು. ಅದು ಖುಷಿಯಾಯಿತು. ಒಳಗೆ ಹೋಗಿ, ಎರಡನೇ ಕ್ಲಾಸಿನ ಒಂದು ನೋಟ್‌ಬುಕ್ ನೋಡಬಹುದಾ ಅಂತ ಕೇಳಿದೆ. ಟೀಚರ್ ಬೇಜಾರಿಲ್ಲದೆ ಕೊಟ್ಟರು. ಅಕ್ಷರ ಮುದ್ದಾಗಿತ್ತು. ಪ್ರತಿ ಪುಟಕ್ಕೂ ಕೆಂಪು ಶಾಯಿಯ ರೈಟ್ ಗುರುತು, ತಾರೀಕು. ಆದರೆ ಆ ಮಗು ‘ಥ’ ಬರೆಯುವಲ್ಲೆಲ್ಲ ಒಳಗಿನ ಚುಕ್ಕೆ ಬಿಟ್ಟಿತ್ತು. ‘ಕಥೆ’ ಎಲ್ಲ ಕಡೆ ‘ಕಧೆ’ ಆಗಿತ್ತು. ಒಂದೇ ಪುಟದಲ್ಲಿ ಏಳು ಸಲ. ಕೆಳಗೆ ರೈಟ್ ಗುರುತು. ಮುಂದಿನ ಪುಟದಲ್ಲೂ ಅದೇ. ಆ ಟೀಚರನ್ನು ಬೈಯೋಕೆ ಮನಸ್ಸಾಗಲಿಲ್ಲ. ನಲವತ್ತೆರಡು ನೋಟ್‌ಬುಕ್ ಅವರ ಮೇಜಿನ ಮೇಲಿದ್ದವು.

ಹೊಸ ಶಾಲೆಯಲ್ಲಿ ನೋಡೋಕೆ ನೋಟ್‌ಬುಕ್ಕೇ ಇಲ್ಲ, ಮಕ್ಕಳೂ ಇಲ್ಲ. ಇದ್ದದ್ದು ಖಾಲಿ ಬೆಂಚು, ಹೆಡ್ ಮೇಡಂ. ಅವರೇ ಶಾಲೆ ಅಂದುಕೊಂಡು ಅವರನ್ನೇ ವಿಚಾರಿಸಿದೆ. ಮೊದಲು ಯಾವ ಶಾಲೆಯಲ್ಲಿದ್ದರು ಅಂತ ಕೇಳಿ, ಆ ಶಾಲೆಯ ಗೇಟಿನ ಹತ್ತಿರ ಎರಡು ಸಂಜೆ ನಿಂತು ಪೋಷಕರನ್ನು ಮಾತಾಡಿಸಿದೆ. ಸ್ವಲ್ಪ ಸಂಕೋಚವಾಯಿತು ನಿಜ. ಆದರೆ ಕೈಗೆ ಕೊಟ್ಟ ಬಣ್ಣದ ಪುಸ್ತಿಕೆಗಿಂತ ಅಲ್ಲಿ ತಿಳಿದದ್ದೇ ಜಾಸ್ತಿ. ಇಬ್ಬರು ಅವರನ್ನು ಹೊಗಳಿದರು. ಒಬ್ಬರು ‘ಸಿಟ್ಟು ಸ್ವಲ್ಪ ಜಾಸ್ತಿ, ಆದ್ರೆ ಫೋನ್ ಮಾಡಿದ್ರೆ ತಿರುಗಿ ಮಾಡ್ತಾರೆ’ ಅಂದರು. ನನಗೆ ಆ ಮೂರನೆಯವರ ಮಾತಿನ ಮೇಲೇ ನಂಬಿಕೆ ಬಂತು.

ಆಮೇಲೆ ಹೆಡ್ ಮೇಡಂ ಹತ್ತಿರ ನೇರವಾಗಿ ಕೇಳಿದೆ: ‘ಮೇಡಂ, ಮೊದಲನೇ ವರ್ಷ ಇಲ್ಲಿ ಏನೇನು ಸರಿ ಇರಲ್ಲ?’ ಏನೂ ತೊಂದರೆ ಇಲ್ಲ ಅಂದಿದ್ದರೆ ಎದ್ದು ಬರುತ್ತಿದ್ದೆ. ಅವರು ಬೆರಳು ಮಡಿಸುತ್ತಾ ಹೇಳಿದರು. ಲೈಬ್ರರಿ ಅರ್ಧ ವರ್ಷ ಆಗಲ್ಲ. ಆಟದ ಜಾಗದಲ್ಲಿ ಇನ್ನೂ ಕಲ್ಲಿದೆ. ಇಬ್ಬರು ಟೀಚರ್ ಸಿಕ್ಕಿದ್ದಾರೆ, ಅದರಲ್ಲಿ ಒಬ್ಬರು ಎರಡು ವರ್ಷದ ಮೇಲೆ ನಿಲ್ಲುವುದು ಅನುಮಾನ. ಮಾನ್ಯತೆ ಪತ್ರ ಇದೆಯಾ ಅಂದಾಗ ತೆಗೆದು ತೋರಿಸಿದರು. ಮಕ್ಕಳು ಕಡಿಮೆ ಬಂದರೆ ಎಷ್ಟು ವರ್ಷ ನಡೆಸುವಷ್ಟು ದುಡ್ಡಿದೆ ಅನ್ನೋದನ್ನೂ ಕೇಳಿದೆ. ಕೇಳುವಾಗ ನಾಲಿಗೆ ತಡವರಿಸಿತು. ಹೊಸ ಶಾಲೆಗೆ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಅದೇ ಅಂತ ಈಗಲೂ ನನ್ನ ಅಭಿಪ್ರಾಯ.

ಕೊನೆಗೆ ತೀರ್ಮಾನ ಆದದ್ದು ಬಹಳ ಸಣ್ಣ ವಿಷಯದ ಮೇಲೆ. ನನ್ನ ಮಗಳು ಹೊರಗಿನವರ ಹತ್ತಿರ ಬಾಯೇ ಬಿಡುತ್ತಿರಲಿಲ್ಲ. ಟಾಯ್ಲೆಟ್‌ಗೆ ಹೋಗಬೇಕು ಅಂತ ಕೇಳಲೂ ಹೆದರಿಕೆ. ಇದಕ್ಕೇನು ಮಾಡ್ತೀರಿ ಅಂತ ಎರಡೂ ಕಡೆ ಕೇಳಿದೆ. ಹಳೇ ಶಾಲೆಯ ಟೀಚರ್ ನಕ್ಕು, ‘ಎರಡು ಮೂರು ವಾರದಲ್ಲಿ ಎಲ್ಲ ಮಕ್ಕಳೂ ಕಲೀತಾರೆ ಮೇಡಂ’ ಅಂದರು. ತಪ್ಪು ಮಾತಲ್ಲ. ಹೊಸ ಶಾಲೆಯ ಹೆಡ್ ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟೀಚರ್ ಮೇಜಿನ ಮೇಲೆ ಒಂದು ಹಸಿರು ಕಾರ್ಡ್ ಇಡೋಣ. ಅದನ್ನ ತಗೊಂಡು ಹೋಗಿ ಬರಲಿ. ಮಾತಾಡೋದೇ ಬೇಡ’ ಅಂದು ಡೈರಿಯಲ್ಲಿ ಬರೆದುಕೊಂಡರು. ಆ ಬರೆದುಕೊಂಡದ್ದು ನನ್ನನ್ನು ಗೆದ್ದಿತು.

ಆದರೂ ನನ್ನ ಆಯ್ಕೆಗೆ ಒಂದು ಆಧಾರ ಬೇಕಿತ್ತು. ಹುಡುಕಿದಾಗ ಅಮೆರಿಕದ ಟೆನ್ನೆಸ್ಸಿಯಲ್ಲಿ 1985ರಲ್ಲಿ ಶುರುವಾದ ಒಂದು ಪ್ರಯೋಗದ ವಿವರ ಸಿಕ್ಕಿತು. ನಾಲ್ಕು ವರ್ಷ, 79 ಶಾಲೆ, ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳು. ಕೆಲವರನ್ನು 13ರಿಂದ 17 ಮಕ್ಕಳ ಕ್ಲಾಸಿಗೆ, ಕೆಲವರನ್ನು 22ರಿಂದ 25 ಮಕ್ಕಳ ಕ್ಲಾಸಿಗೆ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಚಿಕ್ಕ ಕ್ಲಾಸಿನ ಮಕ್ಕಳು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಗೆದ್ದವಳ ಹಾಗೆ ಗಂಡನಿಗೆ ತೋರಿಸಿದೆ. ಅವರು ಓದಿ ಫೋನ್ ವಾಪಸ್ ಕೊಟ್ಟು ಹೇಳಿದರು: ‘ಅಲ್ಲಿ ಕ್ಲಾಸನ್ನ ಬೇಕು ಅಂತ ಚಿಕ್ಕದು ಮಾಡಿದ್ರು. ಇಲ್ಲಿ ಯಾರೂ ಬಂದಿಲ್ಲ ಅಂತ ಚಿಕ್ಕದಾಗಿದೆ.’ ಉತ್ತರ ಕೊಡಲಾಗಲಿಲ್ಲ. ಒಂದು ಒಪ್ಪಂದಕ್ಕೆ ಬಂದೆವು: ಹೊಸದಕ್ಕೆ ಸೇರಿಸೋದು, ಹಳೇದರ ಕಾಯುವ ಪಟ್ಟಿಯಲ್ಲಿ ಹೆಸರು ಹಾಗೇ ಬಿಡೋದು.

ಮೊದಲ ವರ್ಷ ಹನ್ನೊಂದು ಮಕ್ಕಳು. ಹಸಿರು ಕಾರ್ಡ್ ಎರಡು ತಿಂಗಳು ಕೆಲಸ ಮಾಡಿತು, ಆಮೇಲೆ ಅದು ಬೇಕಾಗಲಿಲ್ಲ. ನಾಟಕ, ಹಾಡು, ಪ್ರಾರ್ಥನೆ ಹೇಳಿಕೊಡೋದು, ಏನೇ ಇರಲಿ ಎಲ್ಲದಕ್ಕೂ ಅದೇ ಹನ್ನೊಂದು ಜನ. ಹಿಂದಿನ ಬೆಂಚಿನಲ್ಲಿ ಅಡಗಿಕೊಳ್ಳೋಕೆ ಹಿಂದಿನ ಬೆಂಚೇ ಇರಲಿಲ್ಲ. ಮಗಳು ಮರದ ಪಾತ್ರ ಮಾಡಿದಳು, ಆಮೇಲೆ ಮಾತಾಡುವ ಮರದ ಪಾತ್ರ ಮಾಡಿದಳು.

ನಾನು ಎಣಿಸದೇ ಇದ್ದದ್ದು ಸ್ನೇಹದ ಲೆಕ್ಕ. ಹನ್ನೊಂದರಲ್ಲಿ ಹುಡುಗಿಯರು ನಾಲ್ಕೇ. ಎರಡನೇ ಕ್ಲಾಸಿನಲ್ಲಿ ಒಂದು ಜಗಳವಾಗಿ ಮೂವರು ಒಂದು ಕಡೆ, ಇವಳು ಒಂದು ಕಡೆ. ಹೋಗಿ ಕೂರೋಕೆ ಇನ್ನೊಂದು ಸೆಕ್ಷನ್ ಇಲ್ಲ. ಏಳು ವಾರ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡಿ ಬಂದಳು. ನಲವತ್ತೆರಡು ಮಕ್ಕಳಿದ್ದರೆ ಇನ್ನೊಬ್ಬರು ಯಾರಾದರೂ ಸಿಗುತ್ತಿದ್ದರಲ್ವಾ ಅಂತ ರಾತ್ರಿ ಎಷ್ಟೋ ಸಲ ಅನ್ನಿಸಿತ್ತು. ಇನ್ನೊಂದು, ಇವರ ಬ್ಯಾಚೇ ಶಾಲೆಗೆ ದೊಡ್ಡದು. ದೊಡ್ಡ ಮಕ್ಕಳು ದಪ್ಪ ಪುಸ್ತಕ ಓದೋದನ್ನು ನೋಡಿ ಆಸೆಪಡುವ ಅವಕಾಶವೇ ಇವಳಿಗೆ ಸಿಗಲಿಲ್ಲ.

ಹೆಡ್ ಮೇಡಂ ಹೇಳಿದ್ದ ಹಾಗೇ ಆ ವರ್ಷ ಕ್ಲಾಸ್ ಟೀಚರ್ ನಡುವೆಯೇ ಬಿಟ್ಟು ಹೋದರು. ಅವರ ಜಾಗಕ್ಕೆ ಯಾರು ಬರುತ್ತಾರೆ ಅಂತ ನಾನು ಮೊದಲೇ ಕೇಳಿರಲಿಲ್ಲ. ಐದು ವಾರ ಯಾರೂ ಬರಲಿಲ್ಲ. ಒಂದು ಸಂಜೆ ಮಗಳ ಲೆಕ್ಕ ನೋಡಿದೆ: 52ರಲ್ಲಿ 27 ಕಳೆದು 35 ಅಂತ ಬರೆದಿದ್ದಳು. ಹೇಗಮ್ಮಾ ಅಂದೆ. ‘2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲಿ 2 ಕಳೆದೆ’ ಅಂದಳು. ಪಕ್ಕದಿಂದ ಹತ್ತು ಸಾಲ ತರೋದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಫೋನ್ ಮಾಡಿದೆ. ಆ ರಾತ್ರಿಯೇ ಹೆಡ್ ಮೇಡಂ ತಿರುಗಿ ಮಾಡಿದರು, ಮಾರನೇ ದಿನದಿಂದ ಒಂದು ತಿಂಗಳು ಲೆಕ್ಕ ತಾವೇ ತೆಗೆದುಕೊಂಡರು. ಹತ್ತತ್ತು ಕಡ್ಡಿ ಕಟ್ಟಿದ ಕಟ್ಟುಗಳನ್ನು ಮಕ್ಕಳ ಕೈಯಲ್ಲೇ ಬಿಚ್ಚಿಸಿ ಹೇಳಿಕೊಟ್ಟರು. ಹಳೇ ಶಾಲೆಯಿಂದ ಸೀಟು ಖಾಲಿ ಇದೆ ಅಂತ ಕರೆ ಬಂದದ್ದು ಅದೇ ತಿಂಗಳು. ಎರಡು ದಿನ ಯೋಚಿಸಿ ಬೇಡ ಅಂದೆವು.

ದಾರಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೋಗಿ ಬರೋದರಲ್ಲಿ ದಿನಕ್ಕೆ ಐವತ್ತು ನಿಮಿಷ ಉಳಿಯಿತು. ವರ್ಷಕ್ಕೆ 200 ದಿನ ಅಂತ ಇಟ್ಟುಕೊಂಡರೂ 166 ಗಂಟೆ. ಅವಳು ಅಷ್ಟನ್ನೂ ಆಡಿಯೇ ಕಳೆದಳು.

ಈಗ ಅವಳು ಐದನೇ ಕ್ಲಾಸು. ಮಗನ ಸರದಿ ಬಂದಿದೆ. ಅದೇ ಹೊಸ ಶಾಲೆಯಲ್ಲಿ ಈಗ ಒಂದನೇ ಕ್ಲಾಸಿಗೆ ಮೂವತ್ತನಾಲ್ಕು ಮಕ್ಕಳು, ಜೊತೆಗೆ ಕಾಯುವ ಪಟ್ಟಿ. ಹೆಡ್ ಮೇಡಂ ಈ ವರ್ಷ ನಿವೃತ್ತಿ. ಅಂದು ಬೇಡ ಅಂದಿದ್ದ ಪಕ್ಕದ ಮನೆಯವರೇ ಈಗ ‘ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಸೇರಿಸಿ’ ಅಂತಾರೆ.

ಹೋದ ಮಂಗಳವಾರ ಮತ್ತೆ ಹೋಗಿದ್ದೆ. ಒಂದನೇ ಕ್ಲಾಸಿನ ಮೇಜಿನ ಮೇಲೆ ಕಣ್ಣಾಡಿಸಿ, ಹಸಿರು ಕಾರ್ಡ್ ಎಲ್ಲಿ ಅಂತ ಅಲ್ಲಿದ್ದ ಟೀಚರನ್ನು ಕೇಳಿದೆ. ‘ಯಾವ ಕಾರ್ಡ್ ಮೇಡಂ?’ ಅಂದರು.

ಮಗನ ಅರ್ಜಿ ಇನ್ನೂ ತುಂಬಿಲ್ಲ. ನಾಳೆ ಒಂದು ನೋಟ್‌ಬುಕ್ ತೋರಿಸಿ ಅಂತ ಕೇಳಬೇಕು.