ಮತ್ತೆ ಇವರಿಗೇ ಓಟು ಹಾಕೋದಾ? ನಾನು ತೀರ್ಮಾನಕ್ಕೆ ಬಂದ ಬಗೆ

ನಮ್ಮ ಶಾಸಕರು ನಮ್ಮಪ್ಪನ ತಿಥಿಗೆ ಬಂದಿದ್ದರು. ಎಲ್ಲರ ಜೊತೆ ಚಾಪೆ ಮೇಲೆ ಕೂತು ಊಟ ಮಾಡಿದರು. ಹೋಗುವಾಗ ಅಮ್ಮನ ಕೈ ಹಿಡಿದು ಧೈರ್ಯ ಹೇಳಿದರು. ಅದನ್ನು ನಾನು ಮರೆತಿಲ್ಲ. 2023ರ ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ ನನಗೆ ಕಷ್ಟವಾಗಿದ್ದೇ ಇದರಿಂದ. ಮನಸ್ಸಿಗೆ ಹತ್ತಿರವಾದ ಮನುಷ್ಯ. ಆದರೆ ಇನ್ನೈದು ವರ್ಷ ಇವರೇ ಶಾಸಕರಾಗಿರಬೇಕಾ ಅನ್ನೋದು ಬೇರೆ ಪ್ರಶ್ನೆ, ಅಲ್ವಾ?

ನಾನು ಬಯಲುಸೀಮೆಯ ಒಂದು ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಡೇರಿ ಮುಂದೆ ಕ್ಯಾನು ಹಿಡಿದು ಜನ ನಿಂತಿರುತ್ತಾರೆ. ಊರಿನ ಮಾತೆಲ್ಲ ಅಲ್ಲೇ ಆಗುತ್ತದೆ. ಕ್ಷೇತ್ರದ ಹೆಸರು, ಶಾಸಕರ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾಗಿರುವುದು ಅವರ ವಿಷಯಕ್ಕಿಂತ ಜಾಸ್ತಿ, ನಾನು ಹೇಗೆ ಲೆಕ್ಕ ಹಾಕಿದೆ ಅನ್ನುವುದನ್ನು.

2022ರ ಡಿಸೆಂಬರ್‌ನಲ್ಲಿ ಒಂದು ನೋಟ್‌ಬುಕ್ ತೆಗೆದುಕೊಂಡೆ. ಡೇರಿ ಮುಂದೆ ಜನ ಶಾಸಕರ ಬಗ್ಗೆ ಆಡುವ ಮಾತನ್ನೆಲ್ಲ ಒಂದು ವಾರ ಸುಮ್ನೆ ಬರೆದುಕೊಂಡೆ. ಚರಂಡಿ ಮಾಡಿಸಲಿಲ್ಲ. ಬೀದಿ ದೀಪ ಹಾಕಿಸಲಿಲ್ಲ. ನಲ್ಲಿ ಹಾಕಿದರು, ನೀರು ಬರಲ್ಲ. ಮಗಳ ಮದುವೆಗೆ ಬಂದರು. ಫೋನ್ ಎತ್ತುತ್ತಾರೆ. ನಮ್ಮೋರು. ನಮ್ಮೋರಲ್ಲ. ಹೀಗೆ ಎರಡು ಪುಟ ತುಂಬಿತು. ಆಮೇಲೆ ಒಂದೊಂದರ ಎದುರಿಗೂ ಇದು ಯಾರ ಕೆಲಸ ಅಂತ ಬರೆಯುತ್ತಾ ಹೋದೆ. ಚರಂಡಿ, ಬೀದಿ ದೀಪ ಗ್ರಾಮ ಪಂಚಾಯಿತಿಯ ಕೆಲಸ. ಮನೆ ಮನೆಗೆ ನಲ್ಲಿ ಬಂದಿದ್ದು ಜಲಜೀವನ್ ಮಿಷನ್ನಿನದು. ಮದುವೆಗೆ ಬರುವುದು ಯಾರ ಕೆಲಸವೂ ಅಲ್ಲ, ಅದು ಅವರ ಒಳ್ಳೆಯತನ. ಶಾಸಕರೇ ಮಾಡಬೇಕಾದ ಕೆಲಸ ಅಂತ ಎರಡು ಪುಟದಲ್ಲಿ ಒಂದು ಸಾಲೂ ಇರಲಿಲ್ಲ!

ಇದರಲ್ಲಿ ಜನರ ತಪ್ಪಿಲ್ಲ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಆಮೇಲೆ ಚುನಾವಣೆಯೇ ಆಗಲಿಲ್ಲ. ಗ್ರಾಮ ಪಂಚಾಯಿತಿ ಬಿಟ್ಟರೆ ನಮ್ಮ ಕೈಗೆ ಸಿಗುವ ಚುನಾಯಿತ ಮನುಷ್ಯ ಶಾಸಕರೊಬ್ಬರೇ. ಹಾಗಾಗಿ ಎಲ್ಲ ಅಹವಾಲೂ ಅವರ ಮನೆ ಬಾಗಿಲಿಗೇ ಹೋಗುತ್ತಿತ್ತು.

ನಾನು ಮೂರು ವಿಷಯ ಮಾತ್ರ ನೋಡುವುದು ಅಂತ ಗಟ್ಟಿ ಮಾಡಿಕೊಂಡೆ. ಶಾಸಕರಲ್ಲದೆ ಬೇರೆ ಯಾರೂ ಮಾಡಲಾಗದ ಕೆಲಸಗಳು ಅವು. ಸದನದಲ್ಲಿ ಏನು ಕೇಳಿದರು? ಶಾಸಕರ ನಿಧಿಯನ್ನು ಎಲ್ಲಿಗೆ ಕೊಟ್ಟರು? ಅವರೇ ಅಧ್ಯಕ್ಷರಾಗಿರುವ ಸಮಿತಿಗಳನ್ನು ಹೇಗೆ ನಡೆಸಿದರು?

ಸದನದ ವಿಷಯ ಸುಲಭ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಅಧಿವೇಶನವಾರು ಪ್ರಶ್ನೋತ್ತರ ಸಿಗುತ್ತದೆ. ಬೆಂಗಳೂರಿನಲ್ಲಿರುವ ಮಗ ಸಂಕ್ರಾಂತಿಗೆ ಬಂದಾಗ ಇಬ್ಬರೂ ಎರಡು ರಾತ್ರಿ ಕೂತು ಹುಡುಕಿದೆವು. ಒಂದು ಮಾತು ನೆನಪಿರಲಿ. ಶಾಸಕರು ಮಂತ್ರಿಯಾಗಿದ್ದರೆ ಈ ಅಳತೆ ನಡೆಯುವುದಿಲ್ಲ. ಮಂತ್ರಿಗಳು ಉತ್ತರ ಕೊಡುವ ಕಡೆ ಇರುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ನಮ್ಮವರು ಮಂತ್ರಿಯಾಗಿರಲಿಲ್ಲ. ಐದು ವರ್ಷದಲ್ಲಿ ನಮಗೆ ಸಿಕ್ಕಿದ್ದು 11 ಪ್ರಶ್ನೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರಲ್ಲೇ ಕಾಯ್ದೆ ಮಾಡಿದ್ದಾರೆ. ಅಷ್ಟು ದಿನ ನಡೆಯುವುದಿಲ್ಲ, ನಿಜ. ಹಾಗಾಗಿ ಎಣಿಕೆಯನ್ನು ನಾನು ದೊಡ್ಡದು ಮಾಡಲಿಲ್ಲ. ಏನು ಕೇಳಿದ್ದಾರೆ ಅಂತ ನೋಡಿದೆ. ಬಸ್ ಡಿಪೋ, ಖಾಲಿ ಹುದ್ದೆ, ಹೆದ್ದಾರಿ ಅಗಲ ಮಾಡುವುದು. ಎಲ್ಲವೂ ಬೇಕಾದ್ದೇ. ಆದರೆ ಸರ್ಕಾರ ಆಗ ಹಾಲಿಗೆ ಕೊಡುತ್ತಿದ್ದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಬಗ್ಗೆ ಒಂದೂ ಇರಲಿಲ್ಲ. ಆ ದುಡ್ಡು ತಿಂಗಳುಗಟ್ಟಲೆ ಬಾಕಿ ಬೀಳುತ್ತಿತ್ತು. ಬಟವಾಡೆ ದಿನ "ಅಕ್ಕ, ಸರ್ಕಾರದ ದುಡ್ಡು ಬಂತಾ?" ಅಂತ ಕೇಳುವ ಹೆಂಗಸರ ಮುಖ ನೋಡುವವಳು ನಾನು. ಒಂದು ಪ್ರಶ್ನೆ ಕೇಳಬಹುದಿತ್ತು ಅನ್ನಿಸಿತು.

ಮಸೂದೆಗಳಿಗೆ ಅವರು ಹೇಗೆ ಮತ ಹಾಕಿದರು ಅಂತಲೂ ತಿಳಿಯಬೇಕೆಂದಿದ್ದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. 79ಎ, 79ಬಿ ಕಲಂ ಹೋಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವ ಹಾಗಾಯಿತು. ನಮ್ಮಂಥ ಊರಿಗೆ ಅದು ದೊಡ್ಡ ವಿಷಯ. ಆದರೆ ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಯಾರು ಹೌದು ಅಂದರು, ಯಾರು ಇಲ್ಲ ಅಂದರು ಅಂತ ಹೆಸರು ಹಿಡಿದು ದಾಖಲಾಗುವುದಿಲ್ಲ. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಆಜ್ಞೆ ಕೊಟ್ಟರೆ ಶಾಸಕರ ಕೈ ಕಟ್ಟಿದ ಹಾಗೇ. ಮೀರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸ್ಥಾನವೇ ಹೋಗಬಹುದು. ಆ ಪುಟವನ್ನು ಖಾಲಿ ಬಿಟ್ಟೆ. ಅದು ಪಕ್ಷದ ಲೆಕ್ಕ, ಇವರೊಬ್ಬರದ್ದಲ್ಲ.

ನಿಧಿಯ ವಿಷಯಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಒಬ್ಬೊಬ್ಬ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿ. ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಗುತ್ತದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದ ನನ್ನ ಮೊದಲ ಅರ್ಜಿ ವಾಪಸ್ ಬಂತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದದ ಒಳಗೆ. ನಾನು ನಿಧಿ, ಸಮಿತಿ, ಸಭೆ ಎಲ್ಲವನ್ನೂ ಒಂದರಲ್ಲೇ ತುಂಬಿದ್ದೆ. ಬೇರೆ ಬೇರೆ ಮಾಡಿ ಮತ್ತೆ ಹಾಕಿದೆ. ಉತ್ತರಕ್ಕೆ 30 ದಿನ ಕಾಯಬೇಕು. ನೀವೂ ಮಾಡುವುದಾದರೆ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಆ ಸಲ ಘೋಷಣೆಯಾಗಿದ್ದು ಮಾರ್ಚ್ 29ಕ್ಕೆ, ಮತದಾನ ಮೇ 10ಕ್ಕೆ. ಆವಾಗ ಶುರು ಮಾಡಿ ಒಂದು ಅರ್ಜಿ ವಾಪಸ್ ಬಂದಿದ್ದರೂ ನನ್ನ ಕೈಗೆ ಏನೂ ಸಿಗುತ್ತಿರಲಿಲ್ಲ.

ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದ ಮೇಲೆ ಕಾಮಗಾರಿಗಳ ಪಟ್ಟಿ ಬಂತು. ಅದನ್ನು ಹೋಬಳಿವಾರು ವಿಂಗಡಿಸಿದೆ. ಅರ್ಧಕ್ಕಿಂತ ಜಾಸ್ತಿ ಹಣ ತಾಲ್ಲೂಕು ಕೇಂದ್ರಕ್ಕೂ ಅವರ ಸ್ವಂತ ಹೋಬಳಿಗೂ ಹೋಗಿತ್ತು. ನಮ್ಮ ಹೋಬಳಿಗೆ ಎರಡು ಹೈಮಾಸ್ಟ್ ದೀಪ, ಒಂದು ಸಮುದಾಯ ಭವನ. ಇನ್ನೊಂದು ಕಡೆ ಕೋವಿಡ್ ಎರಡನೇ ಅಲೆ ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಂದು ಆಂಬುಲೆನ್ಸ್ ಕೊಟ್ಟಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ನಮ್ಮೂರಿನವರೇ ಇಬ್ಬರು ಬದುಕಿ ಬಂದಿದ್ದರು. ಅದನ್ನು ಕೆಂಪು ಇಂಕಿನಲ್ಲಿ ಬರೆದುಕೊಂಡೆ.

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಮೂರನೆಯದು. ಬಗರ್‌ಹುಕುಂ ಸಾಗುವಳಿ ಸಕ್ರಮ ಮಾಡುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ. ಸರ್ಕಾರಿ ಜಮೀನಿನಲ್ಲಿ ವರ್ಷಗಟ್ಟಲೆ ಉತ್ತು ಬಿತ್ತಿದ ಬಡವರಿಗೆ ಸಾಗುವಳಿ ಚೀಟಿ ಸಿಗಬೇಕಾದರೆ ಆ ಸಮಿತಿ ಕೂರಬೇಕು. ಹಳೆಯ ನಮೂನೆ 50, 53ರ ಅರ್ಜಿಗಳ ಜೊತೆಗೆ 2018ರ ತಿದ್ದುಪಡಿ ಆದ ಮೇಲೆ ನಮೂನೆ 57ರಲ್ಲೂ ಜನ ಅರ್ಜಿ ಹಾಕಿದ್ದಾರೆ. ನಮ್ಮ ಮಾವನದೂ ಒಂದು ಅರ್ಜಿ ಇದೆ, ಎರಡು ಎಕರೆಗೆ. ಅದಕ್ಕೇ ಈ ವಿಷಯದಲ್ಲಿ ನನ್ನ ಸಿಟ್ಟನ್ನು ನಾನೇ ನಂಬಲಿಲ್ಲ. ನಮ್ಮ ಅರ್ಜಿ ಏನಾಯಿತು ಅಂತ ನೋಡಲೇ ಇಲ್ಲ. ಸಭೆ ಎಷ್ಟು ಸಲ ಆಯಿತು ಅಂತ ಮಾತ್ರ ನೋಡಿದೆ.

ಐದು ವರ್ಷದಲ್ಲಿ ನಾಲ್ಕು ಸಭೆ ಆಗಿತ್ತು.

ಅಲ್ಲಿಗೇ ನಿಲ್ಲಿಸಲಿಲ್ಲ. 2019ರ ಜುಲೈನಲ್ಲಿ ಸರ್ಕಾರವೇ ಬದಲಾಯಿತು. 2020ರಲ್ಲೂ 2021ರ ಮೊದಲರ್ಧದಲ್ಲೂ ಕೋವಿಡ್ ಇತ್ತು. ಆ ಕಾಲವನ್ನೆಲ್ಲ ಲೆಕ್ಕದಿಂದ ತೆಗೆದೆ. 2021ರ ಜುಲೈಯಿಂದ 2023ರ ಮಾರ್ಚ್‌ವರೆಗಿನ 21 ತಿಂಗಳು ಮಾತ್ರ ಇಟ್ಟುಕೊಂಡೆ. ಅಷ್ಟರಲ್ಲಿ ಆಗಿದ್ದು ಒಂದೇ ಸಭೆ. ನಡವಳಿಯಲ್ಲಿ ಬಹಳಷ್ಟು ಅರ್ಜಿಗಳ ಎದುರು "ಮುಂದಿನ ಸಭೆಗೆ" ಅಂತ ಬರೆದಿತ್ತು. ಆ ಮುಂದಿನ ಸಭೆ ಬರಲೇ ಇಲ್ಲ.

ಮಾವನಿಗೆ ಈ ನಾಲ್ಕು ದಿನಾಂಕ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಮ್ಮ, ನಮ್ಮ ಸಾವಿಗೆ ನೋವಿಗೆ ಬಂದು ನಿಂತವನು ಅವನು" ಅಂದರು. ಅದು ಸುಳ್ಳಲ್ಲ. ನಾನು ವಾದ ಮಾಡಲಿಲ್ಲ.

ಹಾಲಿ ಶಾಸಕರು ಬೇಡ ಅಂದರೆ ಸಾಲದು, ಮತ್ತೆ ಯಾರು ಅನ್ನುವ ಪ್ರಶ್ನೆಗೂ ಉತ್ತರ ಬೇಕು. ನಾಮಪತ್ರ ಸಲ್ಲಿಕೆ ಏಪ್ರಿಲ್ 20ಕ್ಕೆ ಮುಗಿಯಿತು. ಅದರ ಜೊತೆ ಅಭ್ಯರ್ಥಿಗಳು ಕೊಡುವ ನಮೂನೆ 26ರ ಪ್ರಮಾಣಪತ್ರ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಶಾಸಕರ 2018ರದ್ದು, 2023ರದ್ದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಇಲ್ಲಿ ಒಂದು ಎಚ್ಚರ ಬೇಕು. ಆಸ್ತಿ ಎಷ್ಟು ಪಟ್ಟು ಹೆಚ್ಚಿತು ಅನ್ನುವ ಮೊತ್ತ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಅಪ್ಪನ ಕಾಲದ ಜಮೀನಿನ ಬೆಲೆ ಏರಿದರೂ ಮೊತ್ತ ಏರುತ್ತದೆ. ಸ್ವಂತವಾಗಿ ಕೊಂಡ ಆಸ್ತಿಗೆ ಕೊಂಡ ದಿನಾಂಕ, ಕೊಟ್ಟ ಬೆಲೆ ಬರೆಯುವ ಕಲಂ ಇದೆ. ಅದನ್ನು ನೋಡಬೇಕು. ನಮ್ಮ ಶಾಸಕರು ಆ ಐದು ವರ್ಷದಲ್ಲಿ ದೊಡ್ಡದಾಗಿ ಏನೂ ಕೊಂಡಿರಲಿಲ್ಲ. ಸಮಾಧಾನವಾಯಿತು.

ಕೇಸುಗಳನ್ನೂ ಹಾಗೇ, ಎಷ್ಟು ಅನ್ನುವುದಕ್ಕಿಂತ ಯಾವ ಕಲಂ ಅಂತ ನೋಡಿದೆ. ಮುಖ್ಯ ಎದುರಾಳಿ ಮೇಲೆ ಎರಡು ಕೇಸು ಇತ್ತು. ಆಗ ಜಾರಿಯಲ್ಲಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 143, 341. ಗುಂಪು ಕಟ್ಟಿ ರಸ್ತೆ ತಡೆದದ್ದು. ಅದೇ 420ನೇ ಕಲಂ ಆಗಿದ್ದರೆ ವಂಚನೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಈ ಎದುರಾಳಿ 2016ರಿಂದ 2021ರವರೆಗೆ ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು. ಅವರ ಕ್ಷೇತ್ರದ ಮೂರು ಊರಿನ ಡೇರಿ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಒಬ್ಬರು ಹೊಗಳಿದರು, ಒಬ್ಬರು ಬೈದರು. ಇನ್ನೊಬ್ಬರು, "ಸಿಟ್ಟು ಜಾಸ್ತಿ ಅಕ್ಕ. ಆದರೆ ಸಭೆ ತಪ್ಪಿಸುತ್ತಿರಲಿಲ್ಲ" ಅಂದರು. ಆ ಮಾತನ್ನು ಬರೆದುಕೊಂಡೆ.

ಏಪ್ರಿಲ್ ಮೊದಲ ವಾರದಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರಲಿದೆ ಅನ್ನುವ ಸುದ್ದಿ ಬಂದಿತ್ತು. ಆಮೇಲೆ ನಮ್ಮ ಡೇರಿ ಮುಂದೆ ನಂದಿನಿ ಬಿಟ್ಟು ಬೇರೆ ಮಾತೇ ಇಲ್ಲ. ಪ್ರಚಾರಕ್ಕೆ ಬಂದ ಇಬ್ಬರೂ ನಂದಿನಿ ಉಳಿಸುತ್ತೇವೆ ಅಂದರು. ನಾನು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದೆ. ಗೆದ್ದರೆ ಬಗರ್‌ಹುಕುಂ ಸಮಿತಿ ಎಷ್ಟು ದಿನಕ್ಕೊಮ್ಮೆ ಕೂರುತ್ತದೆ?

ಶಾಸಕರು ನಕ್ಕು, "ಎಲ್ಲ ಮಾಡೋಣ ಕಣಮ್ಮ" ಅಂದರು. ನಾನು ಬಿಡಲಿಲ್ಲ. 21 ತಿಂಗಳಲ್ಲಿ ಒಂದೇ ಸಭೆ ಆಗಿದೆಯಲ್ಲ ಸಾರ್ ಅಂದೆ. ಗೋಮಾಳದ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಮೀನಿನ ತೊಡಕು ಹೇಳಿದರು. ಅದೂ ನಿಜವೇ. ನೂರು ದನಕ್ಕೆ 30 ಎಕರೆ ಗೋಮಾಳ ಉಳಿಸಬೇಕು ಅಂತ ನಿಯಮ ಇದೆ, ಎಷ್ಟೋ ಊರಿನಲ್ಲಿ ಅಷ್ಟು ಉಳಿದಿಲ್ಲ. ಆದರೆ ಕೊಡಲು ಬರುವುದಿಲ್ಲ ಅಂತ ತೀರ್ಮಾನಿಸುವುದಕ್ಕೂ ಸಭೆ ಕೂರಬೇಕಲ್ಲ? ಎದುರಾಳಿ, "ಸಮಿತಿ ರಚಿಸುವುದು ಸರ್ಕಾರ, ಅದು ನನ್ನ ಕೈಲಿಲ್ಲ. ರಚನೆಯಾದರೆ ತಿಂಗಳಿಗೊಂದು ಸಭೆ ಮಾಡ್ತೀನಿ. ಆಗದಿದ್ರೆ ಇಲ್ಲೇ ಬಂದು ಹೇಳ್ತೀನಿ" ಅಂದರು. ಅದು ಬರೀ ಮಾತು ಅಂತ ಗೊತ್ತು. ಆದರೂ ತನ್ನ ಕೈಲಿ ಏನಿದೆ, ಏನಿಲ್ಲ ಅಂತ ತಿಳಿದು ಆಡಿದ ಮಾತು.

ಒಂದು ಓಟಿನಲ್ಲಿ ಶಾಸಕರನ್ನೂ ಸರ್ಕಾರವನ್ನೂ ಎರಡನ್ನೂ ಆರಿಸಬೇಕು. ಇದೇ ನನಗೆ ತುಂಬ ಕಷ್ಟದ್ದು. 1985ರ ನಂತರ ಕರ್ನಾಟಕದಲ್ಲಿ ಆಡಳಿತದಲ್ಲಿದ್ದ ಯಾವ ಪಕ್ಷವೂ ಮತ್ತೆ ಗೆದ್ದು ಬಂದಿರಲಿಲ್ಲ. ಗಾಳಿ ಯಾವ ಕಡೆ ಇದೆಯೋ ಆ ಕಡೆ ಹಾಕಿದರೆ ಊರಿಗೆ ಅನುದಾನ ಬರುತ್ತದೆ ಅಂತ ಹೇಳುವವರು ಬಹಳ. ನಾನು ಎರಡೂ ಪಕ್ಷದ ಪ್ರಣಾಳಿಕೆಯಲ್ಲಿ ಹಾಲು, ಜಮೀನು, ಶಾಲೆ ಈ ಮೂರನ್ನು ಮಾತ್ರ ಓದಿದೆ. ನನ್ನ ಮಟ್ಟಿಗೆ ಯಾವ ಕಡೆಯೂ ತೂಕ ಬಹಳ ಹೆಚ್ಚಾಗಿ ಕಾಣಲಿಲ್ಲ. ಹಾಗಾಗಿ ಮನುಷ್ಯನನ್ನು ನೋಡಿ ಹಾಕುವುದು ಅಂತ ತೀರ್ಮಾನಿಸಿದೆ. ಪಕ್ಷಗಳ ನಡುವೆ ದೊಡ್ಡ ಅಂತರ ಕಂಡಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆನೇನೋ.

80 ದಾಟಿದವರಿಗೆ ಆ ಸಲ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು. ಅಧಿಕಾರಿಗಳು ಮನೆಗೇ ಬಂದರು. ಮಾವ ಮರೆಯಲ್ಲಿ ಕೂತು ಗುರುತು ಹಾಕಿ ಕವರ್ ಅಂಟಿಸಿ ಕೊಟ್ಟರು. ಯಾರಿಗೆ ಅಂತ ನಾನು ಕೇಳಲಿಲ್ಲ. ಮೇ 10ರಂದು ಬೆಳಗಿನ ಹಾಲು ಲಾರಿಗೆ ಏರಿಸಿ ನಾನು ಬೂತಿಗೆ ಹೋದೆ. ಹಾಲಿ ಶಾಸಕರಿಗೆ ಹಾಕಲಿಲ್ಲ. ಗುಂಡಿ ಒತ್ತುವಾಗ ಅಪ್ಪನ ತಿಥಿ ನೆನಪಾಯಿತು, ಕಣ್ಣು ತುಂಬಿತು. 13ನೇ ತಾರೀಖು ಎಣಿಕೆಯಲ್ಲಿ ಅವರು ಸೋತರು. ಮಾರನೆಯ ವಾರ ಅವರ ಮನೆಗೆ ಹೋಗಿ ಆಂಬುಲೆನ್ಸ್ ವಿಷಯಕ್ಕೆ ಕೃತಜ್ಞತೆ ಹೇಳಿ, ಕಾಫಿ ಕುಡಿದು ಬಂದೆ.

ಈಗ ಐದು ವರ್ಷ ಕಾಯುವುದಿಲ್ಲ. ಪ್ರತಿ ಜನವರಿಗೆ ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಬಜೆಟ್ ಅಧಿವೇಶನ ಮುಗಿದ ಮೇಲೆ ಮಗ ಪ್ರಶ್ನೆಗಳ ಪಟ್ಟಿ ಕಳಿಸುತ್ತಾನೆ. ಹೊಸ ಶಾಸಕರು ಹಾಲಿನ ಪ್ರೋತ್ಸಾಹಧನದ ಬಾಕಿ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಾರೆ. ಸರ್ಕಾರ ಕೊಟ್ಟ ಉತ್ತರದ ಪ್ರತಿ ತೆಗೆದು, ಫ್ಯಾಟ್ ದರದ ಪಟ್ಟಿ ಪಕ್ಕ ಡೇರಿ ಗೋಡೆಗೆ ಅಂಟಿಸಿದ್ದೇನೆ.